ಅಮೆರಿಕದ ‘ಕಂಬಿ ಕೀಳುವ’ ಮಾತುಗಳಿಗೆ ಎರಡು ಉಚಿತ ನಿಘಂಟು

ಹಳೆಯ ಅಮೆರಿಕನ್ ಕಥೆಗಳನ್ನು ಕನ್ನಡಕ್ಕೆ ತರುವವರಿಗೂ ಶಂಕರಘಟ್ಟದಲ್ಲಿ ಇಂಗ್ಲಿಷ್ ಎಂ.ಎ. ಓದುವವರಿಗೂ ಸ್ಕೆಡ್ಯಾಡಲ್ (skedaddle), ವಮೂಸ್ (vamoose), ಸ್ಕಿಡೂ (skidoo) ಎದುರಾಗುತ್ತಲೇ ಇರುತ್ತವೆ. ಎಲ್ಲವೂ ಓಡಿಹೋಗುವ ಮಾತೇ. ಆದರೆ ಯಾವ ಕಾಲದ್ದು, ಯಾರ ಬಾಯಿಯದ್ದು ಎಂದು ತಿಳಿಯದೆ ‘ಕಾಲಿಗೆ ಬುದ್ಧಿ ಹೇಳಿದ’ ಎಂದು ಬರೆಯಬೇಕೋ ‘ಪರಾರಿಯಾದ’ ಎಂದೋ ತೀರ್ಮಾನವಾಗದು. ಇದಕ್ಕೆ ಪದಗಳ ಮೂಲ ಹೇಳುವ ಎಟಿಮ್‌ಆನ್‌ಲೈನ್ ಮತ್ತು ಗ್ರಾಮ್ಯ ಮಾತುಗಳ ಗ್ರೀನ್ಸ್ ಡಿಕ್ಷನರಿ ಆಫ್ ಸ್ಲ್ಯಾಂಗ್ ಎಂಬ ಎರಡು ಜಾಲತಾಣ ಸಾಕು. ಎರಡಕ್ಕೂ ಕಾಸು ಕೊಡಬೇಕಿಲ್ಲ.

ಮೊದಲು ಎಟಿಮ್‌ಆನ್‌ಲೈನ್ ತೆರೆಯಿರಿ. ವಿವರಣೆ ಚಿಕ್ಕದು, ಪದ ಮೊದಲು ದಾಖಲಾದ ಕಾಲ ಆರಂಭದಲ್ಲೇ ಸಿಗುತ್ತದೆ. ಅದನ್ನು ಗುರುತು ಹಾಕಿಕೊಂಡು ಗ್ರೀನ್ಸ್‌ಗೆ ಹೋಗಿ, ಪದದ ಕೆಳಗೆ ಮಡಚಿಟ್ಟ ಉದಾಹರಣೆಗಳನ್ನು ಕ್ಲಿಕ್ ಮಾಡಿ ಬಿಡಿಸಿ, ಅತಿ ಹಳೆಯ ಸಾಲು ಓದಿ. ಜೊನಾಥನ್ ಗ್ರೀನ್ 2010ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚು ಮಾಡಿಸಿದ ನಿಘಂಟು ಇದು. ಇದರ ಜೀವಾಳವೇ ಇಸವಿ ಸಮೇತ ಕೊಟ್ಟ ಈ ಉದಾಹರಣೆಗಳು.

ಇಸವಿ ಯಾಕೆ ಅಷ್ಟು ಮುಖ್ಯ? ‘ಟ್ವೆಂಟಿ-ಥ್ರೀ ಸ್ಕಿಡೂ’ (ಇಲ್ಲಿಂದ ಕಂಬಿ ಕೀಳು) ಎಂಬ ಮಾತು ನೋಡಿ. ನ್ಯೂಯಾರ್ಕಿನ 23ನೇ ಬೀದಿಯ ಫ್ಲಾಟೈರನ್ ಕಟ್ಟಡದ ಮೂಲೆಯಲ್ಲಿ ಗಾಳಿಗೆ ಹೆಂಗಸರ ಲಂಗ ಹಾರುತ್ತಿತ್ತು, ನೋಡಲು ನಿಂತವರನ್ನು ಪೊಲೀಸರು ಹೀಗೆಂದು ಅಟ್ಟುತ್ತಿದ್ದರು, ಮಾತು ಹುಟ್ಟಿದ್ದೇ ಅಲ್ಲಿ ಎಂಬ ಕಥೆ ಎಲ್ಲೆಡೆ ಓಡಾಡುತ್ತಿದೆ. ಕಟ್ಟಡ ಮುಗಿದದ್ದು 1902ರಲ್ಲಿ. ‘ಟ್ವೆಂಟಿ-ಥ್ರೀ’ ಎಂಬ ಗ್ರಾಮ್ಯ ಮಾತು 1899ರಲ್ಲೇ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅಲ್ಲಿಗೆ ಕಥೆ ಬಿದ್ದುಹೋಯಿತು.

ಸ್ಕೆಡ್ಯಾಡಲ್ ಇನ್ನೂ ಜಟಿಲ. 1861ರಲ್ಲಿ ಶುರುವಾದ ಅಮೆರಿಕದ ಅಂತರ್ಯುದ್ಧದಲ್ಲಿ ರಣರಂಗ ಬಿಟ್ಟು ಓಡುವವರ ಬಗ್ಗೆ ಸೈನಿಕರು ಆಡಿದ ಮಾತು, ಪತ್ರಿಕೆಗಳಿಂದ ಊರೆಲ್ಲ ಹಬ್ಬಿತು. ಗ್ರೀಕ್ ಮೂಲದ್ದು ಎಂದು ಆಗಲೇ ವಾದಿಸಿದವರಿದ್ದರು; ಹಾಲು ಚೆಲ್ಲುವುದಕ್ಕೆ ಹೇಳುವ ಬ್ರಿಟನ್ನಿನ ಆಡುನುಡಿ ಎಂದವರೂ ಇದ್ದಾರೆ. ಯಾವುದೂ ಸಾಬೀತಾಗಿಲ್ಲ. ಇಂಥ ಕಡೆ ‘ಮೂಲ ಅಜ್ಞಾತ’ ಎಂದೇ ಬರೆದುಕೊಳ್ಳಿ. ವಮೂಸ್‌ನಲ್ಲಿ ತಕರಾರಿಲ್ಲ: ‘ಹೋಗೋಣ’ ಎನ್ನುವ ಸ್ಪ್ಯಾನಿಷ್‌ನ ‘ವಾಮೋಸ್’ 1830ರ ದಶಕದಲ್ಲಿ ಇಂಗ್ಲಿಷಿಗೆ ಸೇರಿದ್ದು. ಹೈಟೇಲ್ (hightail) ಕೂಡ ಓಡಿಹೋಗುವ ಮಾತೇ, ಬೆದರಿದ ಪ್ರಾಣಿ ಬಾಲ ಎತ್ತಿ ಓಡುವುದರಿಂದ ಬಂದದ್ದು. ಅದೇ ಅರ್ಥದ ಆಬ್‌ಸ್ಕ್ವಾಚುಲೇಟ್ (absquatulate) ಲ್ಯಾಟಿನ್ನಿನ ವೇಷ ತೊಡಿಸಿ ತಮಾಷೆಗೆ ಕಟ್ಟಿದ ಪದ.

ಹುಡುಕುವಾಗ ಕೈಕೊಡುವುದು ಕಾಗುಣಿತ. ಸ್ಕಿಡೂವನ್ನು ಒಂದು ‘ಡಿ’ ಹಾಕಿಯೂ ಎರಡು ಹಾಕಿಯೂ ಬರೆಯುತ್ತಾರೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದು ನೋಡಿ. ಕನ್ನಡ ಲಿಪಿಯಲ್ಲಿ ಹುಡುಕಲಾಗದು. ಇನ್ನೊಂದು, ಅಲ್ಲಿ ಕಾಣುವ ಇಸವಿ ಅಚ್ಚಾದ ಕಾಲ ಮಾತ್ರ. ಜನರ ಬಾಯಲ್ಲಿ ಅದಕ್ಕೂ ಮೊದಲೇ ಇದ್ದಿರಬಹುದು.

ಒಂದೇ ಸಾಕು ಎನ್ನುವವರಿಗೆ ನಮ್ಮ ಆಯ್ಕೆ ಗ್ರೀನ್ಸ್. ಮಳೆಗಾಲದಲ್ಲಿ ಆಗುಂಬೆ, ಹೊಸನಗರದ ಕಡೆ ನೆಟ್‌ವರ್ಕ್ ನಂಬಿ ಕೂರುವ ಹಾಗಿಲ್ಲ. ಬೇಕಾದ ಪುಟಗಳನ್ನು ಮೊದಲೇ ಪಿಡಿಎಫ್ ಮಾಡಿ ಉಳಿಸಿಕೊಳ್ಳಿ, ಉದಾಹರಣೆಗಳನ್ನು ಬಿಡಿಸಿದ ಮೇಲೆಯೇ.