ಸೈಜಿಂಗ್ ಕ್ಯಾಲ್ಕುಲೇಟರ್: ಸಿವಿಗೆ ಸೈ, ವಾಲ್ವ್ ಆಚೆಗಿನ ಒತ್ತಡಕ್ಕೆ ಸಾಲದು

ಎಷ್ಟು ದೊಡ್ಡ ವಾಲ್ವ್ ಬೇಕೆಂದು ಲೆಕ್ಕ ಹಾಕಲು ತಯಾರಕರು ಉಚಿತವಾಗಿ ಕೊಡುವ ಸೈಜಿಂಗ್ ಕ್ಯಾಲ್ಕುಲೇಟರ್‌ಗಳು ಬಹುತೇಕ ಐಇಸಿ 60534-2-1 ಎಂಬ ಅಂತರರಾಷ್ಟ್ರೀಯ ಮಾನದಂಡದ ಸಮೀಕರಣಗಳನ್ನೇ ಬಳಸುತ್ತವೆ. ಗ್ಯಾಸ್ ಯಾವುದು, ತಾಪಮಾನ ಎಷ್ಟು, ಹರಿವು ಎಷ್ಟು, ವಾಲ್ವ್‌ನ ಈಚೆ ಒತ್ತಡ (ಪಿ1) ಮತ್ತು ಆಚೆ ಒತ್ತಡ (ಪಿ2) ಎಷ್ಟು ಎಂದು ತುಂಬಿದರೆ ಬೇಕಾದ ಸಿವಿ (ವಾಲ್ವ್ ಎಷ್ಟು ಹರಿವು ಬಿಡಬಲ್ಲದು ಎಂಬುದರ ಅಳತೆ) ಬರುತ್ತದೆ. ಈ ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು. ಆದರೆ ಇದನ್ನೇ ತಿರುಗಿಸಿ, ಸಿವಿ ಮತ್ತು ಹರಿವು ಕೊಟ್ಟು ಪಿ2 ಕೇಳುವವರು ಬಹಳ. ಆಗಲೂ ಅದು ಎರಡು ದಶಮಾಂಶದ ಉತ್ತರ ಕೊಡುತ್ತದೆ. ಆ ಉತ್ತರವನ್ನು ನಂಬಬೇಡಿ.

ಯಾಕೆಂದು ಲೆಕ್ಕ ಹಾಕಿ ನೋಡಿ. 20 ಡಿಗ್ರಿಯ ಗಾಳಿ, ಪಿ1 8 ಬಾರ್ ಅಬ್ಸಲ್ಯೂಟ್ (ನಿರ್ವಾತವನ್ನು ಸೊನ್ನೆ ಎಂದು ಹಿಡಿದ ಅಳತೆ), ಸಿವಿ 10, ಎಕ್ಸ್‌ಟಿ (ಒತ್ತಡದ ಇಳಿಕೆ ಪಿ1ರ ಎಷ್ಟು ಪಾಲು ಆದಾಗ ಹರಿವು ಗರಿಷ್ಠ ಮುಟ್ಟುತ್ತದೆ ಎಂಬುದು) 0.7. ಪಿ2 5 ಬಾರ್ ಇದ್ದಾಗ ಹರಿವು ಗಂಟೆಗೆ ಸುಮಾರು 1198 ಕೆಜಿ. 3 ಬಾರ್‌ಗೆ ಇಳಿದರೆ 1322. ಒತ್ತಡದ ಇಳಿಕೆ ಪಿ1ರ 0.7 ಪಾಲು ಮುಟ್ಟುವುದು ಪಿ2 2.4 ಬಾರ್‌ಗೆ ಬಂದಾಗ. ಅಲ್ಲಿ ವಾಲ್ವ್ ಚೋಕ್ ಆಗುತ್ತದೆ, ಅಂದರೆ ಪಿ2 ಇನ್ನೆಷ್ಟು ಇಳಿದರೂ ಹರಿವು ಹೆಚ್ಚದೆ 1328ಕ್ಕೆ ನಿಲ್ಲುತ್ತದೆ. ಅಂದರೆ 3 ಬಾರ್‌ಗೂ 2.4 ಬಾರ್‌ಗೂ ಹರಿವಿನಲ್ಲಿರುವ ವ್ಯತ್ಯಾಸ ಬರೀ ಅರ್ಧ ಶೇಕಡಾ. ಫ್ಲೋಮೀಟರ್ ಒಂದು ಶೇಕಡಾ ತಪ್ಪಿದರೂ ಪಿ2ರ ಲೆಕ್ಕ ಅರ್ಧ ಬಾರ್‌ಗಿಂತ ಹೆಚ್ಚು ಆಚೀಚೆ ಆಗುತ್ತದೆ. ಚೋಕ್ ಆದ ಮೇಲಂತೂ ಪಿ2 1 ಬಾರ್ ಇದ್ದರೂ 2 ಬಾರ್ ಇದ್ದರೂ ಹರಿವು ಅಷ್ಟೇ, ಹಾಗಾಗಿ ಹರಿವಿನಿಂದ ಪಿ2 ತಿಳಿಯುವ ದಾರಿಯೇ ಇಲ್ಲ.

ಪಿ2 ನಿರ್ಧಾರವಾಗುವುದು ವಾಲ್ವ್ ಒಂದರಿಂದಲೇ ಅಲ್ಲ, ಮುಂದಿನ ಪೈಪು, ಬರ್ನರ್, ಟ್ಯಾಂಕ್ ಎಷ್ಟು ಗ್ಯಾಸ್ ಎಳೆಯುತ್ತವೆ ಎಂಬುದರಿಂದಲೂ. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಪಿ2 ಊಹಿಸಿ, ಅದಕ್ಕೆ ವಾಲ್ವ್ ಬಿಡುವ ಹರಿವು ಮತ್ತು ಮುಂದಿನ ಪೈಪ್‌ಲೈನ್ ಒಯ್ಯುವ ಹರಿವು ಎರಡನ್ನೂ ಲೆಕ್ಕ ಹಾಕಿ. ಎರಡೂ ಸಮವಾಗುವ ತನಕ ಪಿ2 ಬದಲಿಸುತ್ತಾ ಹೋದರೆ ಸಿಗುವುದೇ ನಿಜವಾದ ಉತ್ತರ. ಮುಂದೆ ಟ್ಯಾಂಕ್ ಇದ್ದರೆ ಸಮಯವೂ ಲೆಕ್ಕಕ್ಕೆ ಬರುತ್ತದೆ: 2 ಘನ ಮೀಟರ್ ಟ್ಯಾಂಕಿಗೆ ಹೊರಹೋಗುವುದಕ್ಕಿಂತ ಸೆಕೆಂಡಿಗೆ 0.1 ಕೆಜಿ ಹೆಚ್ಚು ಗಾಳಿ ಬಂದರೆ, ತಾಪಮಾನ 20 ಡಿಗ್ರಿಯಲ್ಲೇ ಉಳಿದಾಗ, ಒಂದು ಬಾರ್ ಏರಲು ಸುಮಾರು 24 ಸೆಕೆಂಡ್ ಸಾಕು.  ಬರೀ ಸಿವಿ ಹೇಳುವ ಕ್ಯಾಲ್ಕುಲೇಟರ್‌ನಲ್ಲಿ ಇದು ಇರುವುದಿಲ್ಲ.

ಬಳಸುವವರು ಹೆಚ್ಚಾಗಿ ಎಡವುವುದು ಗೇಜ್ ಒತ್ತಡದಲ್ಲಿ, ಅಂದರೆ ವಾತಾವರಣದ ಒತ್ತಡವನ್ನು ಸೊನ್ನೆ ಎಂದು ಹಿಡಿದ ಅಳತೆಯಲ್ಲಿ. 8 ಬಾರ್ ಗೇಜ್ ಅನ್ನು ಅಬ್ಸಲ್ಯೂಟ್ ಖಾನೆಗೆ ಹಾಕಿದರೆ ಚೋಕ್ ಹರಿವು 11 ಶೇಕಡಾ ಕಡಿಮೆ ತೋರುತ್ತದೆ. ಎಕ್ಸ್‌ಟಿಗೆ ಒಂದೇ ಖಾನೆ ಇರುವ ಕ್ಯಾಲ್ಕುಲೇಟರ್‌ಗಳನ್ನು ಬಟರ್‌ಫ್ಲೈ, ಬಾಲ್ ವಾಲ್ವ್‌ಗಳಿಗೆ ಬಳಸುವಾಗ ಎಚ್ಚರ ಬೇಕು. ಇವುಗಳಲ್ಲಿ ವಾಲ್ವ್ ತೆರೆದಷ್ಟೂ ಎಕ್ಸ್‌ಟಿ ಇಳಿಯುತ್ತದೆ, ಆದ್ದರಿಂದ ಕೆಲಸ ಮಾಡುವ ಕೋನದ ಬೆಲೆಯನ್ನು ತಯಾರಕರ ಕೋಷ್ಟಕದಿಂದಲೇ ತೆಗೆದುಕೊಳ್ಳಿ. ರೆಡ್ಯೂಸರ್ (ದೊಡ್ಡ ಪೈಪನ್ನು ಚಿಕ್ಕ ವಾಲ್ವ್‌ಗೆ ಜೋಡಿಸುವ ತುಂಡು) ಇದ್ದೂ ಅದರ ಖಾನೆ ಖಾಲಿ ಬಿಟ್ಟರೆ ವಾಲ್ವ್‌ನ ಸಾಮರ್ಥ್ಯ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ.

ಆಚೆಗಿನ ತಾಪಮಾನವನ್ನು ಈಚೆಗಿನಷ್ಟೇ ಎಂದು ಹಿಡಿಯುವ ಆವೃತ್ತಿಗಳನ್ನು ನೈಸರ್ಗಿಕ ಅನಿಲಕ್ಕೆ ಬಳಸಲೇಬಾರದು. ಅಲ್ಲಿ ಒಂದು ಬಾರ್ ಇಳಿಕೆಗೆ ಸುಮಾರು ಅರ್ಧ ಡಿಗ್ರಿ ತಣಿಯುತ್ತದೆ. 40 ಬಾರ್ ಇಳಿಸಿದರೆ 20 ಡಿಗ್ರಿ. ಗ್ಯಾಸ್‌ನಲ್ಲಿ ತೇವ ಇದ್ದರೆ ಹೈಡ್ರೇಟ್ (ನೀರು ಮತ್ತು ಗ್ಯಾಸ್ ಸೇರಿದ ಮಂಜುಗಡ್ಡೆಯಂಥ ಗಟ್ಟಿ ವಸ್ತು) ಕಟ್ಟಿ, ರೆಗ್ಯುಲೇಟರ್‌ಗೆ ಪಿ2 ತಿಳಿಸುವ ಸಣ್ಣ ನಳಿಕೆಯಾದ ಸೆನ್ಸಿಂಗ್ ಲೈನ್ ಮುಚ್ಚಿಹೋಗಬಹುದು, ಆಗ ರೆಗ್ಯುಲೇಟರ್‌ಗೆ ನಿಜವಾದ ಪಿ2 ತಲುಪುವುದೇ ಇಲ್ಲ.