ಕಾಲಿನ ಸ್ಟೆಂಟ್ ನೋಡೋಕೆ ಎಂಆರ್‌ಐನಾ ಸಿಟಿನಾ ಡಾಪ್ಲರಾ? ಮೂರನ್ನೂ ಮಾಡ್ಸಿ ನೋಡಿದ್ದು

ನನ್ನ ಸೊಂಟದ ಹತ್ರ ಕಾಲಿಗೆ ಇಳಿಯೋ ರಕ್ತನಾಳದಲ್ಲಿ ಎರಡು ಸ್ಟೆಂಟ್, ಅಂದ್ರೆ ನಾಳ ತೆರೆದಿಡೋ ಲೋಹದ ಜಾಲರಿ ಕೊಳವೆ, ಇದಾವೆ, ಎಡಗಡೇದು 2009ರಲ್ಲಿ ಹಾಕಿದ ಸ್ಟೀಲಿಂದು, ಬಲಗಡೇದು ಸುಮಾರು ವರ್ಷ ಆದ್ಮೇಲೆ ಹಾಕಿದ ನಿಟಿನಾಲ್, ಅಂದ್ರೆ ನಿಕ್ಕಲ್ ಟೈಟಾನಿಯಂ ಬೆರಕೆ. ಸಿಗರೇಟಿನ ಪ್ರಸಾದ, ಬಿಡಿ. ಹೋದ್ವರ್ಷ ಎಡಗಾಲಿನ ಮೀನಖಂಡ ಮತ್ತೆ ಹಿಡ್ಕೊಳ್ಳೋಕೆ ಶುರುವಾಯ್ತು, ನಾಲ್ಕು ಲೈಟ್ ಕಂಬ ದಾಟೋದ್ರೊಳಗೆ ನಿಲ್ಬೇಕು, ನಿಂತ್ರೆ ಎರಡು ನಿಮಿಷಕ್ಕೆ ಸರಿಹೋಗೋದು.

ಮೊದ್ಲು ಎಂಆರ್‌ಐ. ಒಂದು ಸ್ಕ್ಯಾನ್ ಸೆಂಟರ್‌ನೋರು ಸ್ಟೆಂಟ್ ಅಂದ ತಕ್ಷಣ ಆಗಲ್ಲ ಅಂತ ವಾಪಸ್ ಕಳ್ಸಿದ್ರು, ಇನ್ನೊಂದು ಕಡೆ ಸ್ಟೆಂಟ್ ಹಾಕಿದಾಗ ಕೊಟ್ಟ ಕಾರ್ಡ್ ತೋರ್ಸಿ ಅಂದ್ರು, ತೋರ್ಸಿದ್ಮೇಲೆ ಒಳಗೆ ಬಿಟ್ರು. ಅಲ್ಲಿನ ಮೆಷಿನ್ನಿನ ಆಯಸ್ಕಾಂತ 1.5 ಟೆಸ್ಲಾ, ಅಂದ್ರೆ ಭೂಮಿ ಆಯಸ್ಕಾಂತಕ್ಕಿಂತ ಸುಮಾರು 30 ಸಾವಿರ ಪಟ್ಟು ಜಾಸ್ತಿ, ಆದ್ರೂ ಸ್ಟೆಂಟಿಗೆ ಬಳಸೋ ಸ್ಟೀಲು ನಮ್ಮನೆ ಮೊಳೆ ಥರ ಅಂಟ್ಕೊಳ್ಳೋ ಜಾತಿ ಅಲ್ಲ. ಅರ್ಧ ಗಂಟೆ ಮೇಲೆ ಆಯ್ತು, ಕಿವಿ ಪಕ್ಕ ಕಲ್ಲು ಒಡೆಯೋ ಸದ್ದು, ಮಧ್ಯ ಮಧ್ಯ ಉಸಿರು ಹಿಡೀರಿ ಬಿಡ್ರಿ ಅಂತಾರೆ.

ಚಿತ್ರ ನೋಡಿ ಎದೆ ಧಸಕ್ಕಂತು. ಬಲಗಡೆ ಸ್ಟೆಂಟ್ ಒಳಗೆ ರಕ್ತ ಮಸುಕಾಗಾದ್ರೂ ಕಾಣ್ತಿತ್ತು, ಎಡಗಡೆ ಸ್ಟೆಂಟ್ ಇರೋ ಜಾಗದಲ್ಲಿ ಕತ್ತರಿಸಿ ತೆಗ್ದಂಗೆ ಪೂರ್ತಿ ಕಪ್ಪು! ಮುಚ್ಚೇ ಹೋಗಿದೆ ಅಂದ್ಕೊಂಡೆ. ರೇಡಿಯಾಲಜಿ ಡಾಕ್ಟ್ರು ನಕ್ಕು ಹೇಳಿದ್ರು, ಸ್ಟೀಲು ಅಂಟ್ಕೊಳ್ಳದಿದ್ರೂ ಸುತ್ತಲ ಕಾಂತಕ್ಷೇತ್ರನ ಕೆಡ್ಸುತ್ತೆ, ಅದ್ರ ಮೇಲೆ ಆ ಜಾಲರಿ ರೇಡಿಯೋ ಅಲೆನ ಒಳಗೆ ಬಿಡಲ್ಲ, ಲಿಫ್ಟ್ ಒಳಗೆ ಮೊಬೈಲ್ ಸಿಗ್ನಲ್ ಸಿಗ್ದಂಗೆ. ಸ್ಟೆಂಟ್ ಕೆಳಗಡೆ ನಾಳ ಚೆನ್ನಾಗಿ ತುಂಬಿತ್ತಲ್ಲ, ಅದನ್ನ ನೋಡಿ ಧೈರ್ಯ ಬಂತು. ಆದ್ರೆ ಒಳಗೆ ಎಷ್ಟು ಕಿರಿದಾಗಿದೆ ಅಂತ ಈ ಚಿತ್ರದಲ್ಲಿ ಗೊತ್ತಾಗೋ ಹಂಗಿರ್ಲಿಲ್ಲ.

ಅದಕ್ಕೇ ಸಿಟಿ ಆಂಜಿಯೋ, ಅಂದ್ರೆ ರಕ್ತನಾಳದ ಸಿಟಿ ಸ್ಕ್ಯಾನ್. ಕಿಡ್ನಿ ಹೆಂಗಿದೆ ಅಂತ ರಕ್ತದ ಕ್ರಿಯಾಟಿನಿನ್ ನೋಡಿ, ನಾಳ ಎದ್ದು ಕಾಣೋಕೆ ಅಯೋಡಿನ್ ಇರೋ ಕಾಂಟ್ರಾಸ್ಟ್ ಔಷಧಿ ಬಿಟ್ರು, ಮೈಯೆಲ್ಲಾ ಬಿಸಿ ಹತ್ತಿ ಎಲ್ಲೋ ಚಡ್ಡೀಲೇ ಹೋಯ್ತೇನೋ ಅನ್ಸುತ್ತೆ, ಹೋಗಿರಲ್ಲ, ಸ್ಕ್ಯಾನ್ ಸೆಕೆಂಡುಗಳಲ್ಲಿ ಮುಗೀತು. ಲೋಹ ಇದ್ದಿದ್ದಕ್ಕಿಂತ ದಪ್ಪಗೆ ಕಾಣುತ್ತೆ, ನಾಳದ ಗೋಡೇಲಿ ಕಟ್ಟಿರೋ ಕ್ಯಾಲ್ಸಿಯಂ ಕೂಡ ಅಷ್ಟೇ, ಆದ್ರೂ ಸ್ಟೀಲ್ ಸ್ಟೆಂಟ್ ಒಳಗಡೆ ದಾರಿ ತೆರೆದಿದೆ, ಕೆಳತುದೀಲಿ ಅರ್ಧದಷ್ಟು ಕಿರಿದಾಗಿದೆ ಅಂತ ಸ್ಪಷ್ಟವಾಯ್ತು. ಎಕ್ಸ್‌ರೇ ವಿಕಿರಣ ಮಾತ್ರ ಸೇರಿಯೇ ಬರುತ್ತೆ, ಕಿಡ್ನಿ ವೀಕ್ ಇರೋರಿಗೆ ಅಯೋಡಿನ್ ಯೋಚ್ನೆ ಮಾಡೋ ವಿಷ್ಯ. ಎಂಆರ್‌ಐಗೆ ಬಳಸೋ ಕಾಂಟ್ರಾಸ್ಟ್ ಔಷಧಿ ಗ್ಯಾಡೊಲಿನಿಯಂನ ಕೆಲವು ಹಳೇ ಬಗೆಗಳೂ ಕಿಡ್ನಿ ಪೂರ್ತಿ ಕೆಟ್ಟೋರಿಗೆ ಅಪಾಯನೇ.

ಡಾಪ್ಲರ್, ಅಂದ್ರೆ ರಕ್ತದ ಓಟ ತೋರ್ಸೋ ಅಲ್ಟ್ರಾಸೌಂಡ್, ನಾನು ಕಡೆಗಣಿಸಿದ್ದು, ಜೆಲ್ ಹಚ್ಚಿ ಹೊಟ್ಟೆ ಒತ್ತೋದು ಏನ್ ಮಹಾ ಅಂತ. ಮೊದಲ ದಿನ ಗ್ಯಾಸ್ ತುಂಬ್ಕೊಂಡು ಏನೂ ಕಾಣ್ಲಿಲ್ಲ, ಮಾರನೇ ದಿನ ಖಾಲಿ ಹೊಟ್ಟೇಲಿ ಹೋದಾಗ ಆ ಕಿರಿದಾದ ಜಾಗದಲ್ಲಿ ರಕ್ತದ ವೇಗ ಮೇಲಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಬಂತು, ಅಂದ್ರೆ ಸಿಟಿ ಹೇಳಿದ್ದೇ. ಕಾಂಟ್ರಾಸ್ಟ್ ಇಲ್ಲ, ವಿಕಿರಣ ಇಲ್ಲ, ಬಿಲ್ಲೂ ಚಿಕ್ಕದು, ಆದ್ರೆ ಮಾಡೋರ ಕೈ ಪಳಗಿರ್ಬೇಕು.

ಹೃದಯದ ಸ್ಟೆಂಟ್ ಇರೋರಿಗೆ ಇದೇ ಲೆಕ್ಕ ಹಾಕ್ಬೇಡಿ, ಅದು ಬಡ್ಕೊಳ್ತಾ ಇರೋ ಸಣ್ಣ ನಾಳ, ಎಂಆರ್‌ಐಲಿ ಸ್ನಾಯು ಚೆನ್ನಾಗಿ ಕಾಣುತ್ತೆ, ಸ್ಟೆಂಟ್ ಒಳಗೆ ಕಾಣೋದು ಕಷ್ಟ, ಸಿಟಿಗೂ 3 ಮಿಲಿಮೀಟರ್‌ಗಿಂತ ಸಣ್ಣದಾದ್ರೆ ತೊಡಕೇ.

ನಂಗೀಗ ಮಾತ್ರೆ, ದಿನಾ ನಡಿಗೆ, ಆರು ತಿಂಗ್ಳಿಗೊಂದು ಡಾಪ್ಲರ್. ಸ್ಟೆಂಟ್ ಕಾರ್ಡ್ ಫೋಟೋ ಫೋನಲ್ಲಿ ಇಟ್ಕೊಂಡಿದೀನಿ, ಮುಂದಿನ ತಿಂಗ್ಳು ಬೆನ್ನಿಗೆ ಎಂಆರ್‌ಐ ಇದೆ.