ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ: ಮೂರನ್ನೂ ಓದಿದ ಮೇಲೆ ನನ್ನ ಓಟು

ಪಿಯುಸಿಯಲ್ಲಿ ಆರ್ಟ್ಸ್ ಮುಗಿಸಿದ ಮಕ್ಕಳು ರಿಸಲ್ಟ್ ಬಂದ ಕೂಡಲೇ ಕೇಳೋದು ಇದನ್ನೇ: ಬಿಎಯಲ್ಲಿ ಯಾವುದನ್ನು ಗಟ್ಟಿಯಾಗಿ ಹಿಡಿಯಬೇಕು? ನಾನು ತುಮಕೂರಿನಲ್ಲಿ ಹೆಚ್‌ಇಪಿ ಓದಿದವನು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರೂ ಮೂರು ವರ್ಷ, ಮೂರಕ್ಕೂ ಒಂದೇ ತೂಕ, ಎಲ್ಲವೂ ಕನ್ನಡ ಮಾಧ್ಯಮದಲ್ಲಿ. ಆಮೇಲೆ ಎಂಎಗೆ ರಾಜ್ಯಶಾಸ್ತ್ರ ಆರಿಸಿಕೊಂಡೆ. ಈಗಲೂ ನನ್ನ ಓಟು ಅದಕ್ಕೇ. ಆದರೆ 'ಸುಲಭ, ಮಾರ್ಕ್ಸ್ ಬರುತ್ತೆ' ಅಂತ ಹೇಳ್ತಾರಲ್ಲ, ಆ ಕಾರಣಕ್ಕಲ್ಲ.

ಓದಲು ಹೆಚ್ಚು ಖುಷಿ ಕೊಟ್ಟಿದ್ದು ಇತಿಹಾಸ. ಪಾಠ ನಮ್ಮ ಸುತ್ತಲೇ ಇದೆ. ಮಧುಗಿರಿ ಕೋಟೆ ಇದೆ, ಕೈದಾಳದ ಚೆನ್ನಕೇಶವ ಇದ್ದಾನೆ, ಮೊಗಲರ ಕಾಲದಲ್ಲಿ ಒಂದು ಸುಬಾದ, ಅಂದ್ರೆ ಪ್ರಾಂತ್ಯದ, ಕೇಂದ್ರವಾಗಿದ್ದ ಶಿರಾ ಇದೆ. ತೊಂದರೆ ಏನಂದ್ರೆ ಸಿಲಬಸ್ ತುಂಬ ಉದ್ದ. ಹರಪ್ಪಾದಿಂದ ಹಿಡಿದು ಕರ್ನಾಟಕ ಏಕೀಕರಣದವರೆಗೆ ಓಡಬೇಕು. ಪರೀಕ್ಷೆ ಹತ್ತಿರ ಬಂದಾಗ ರಾಜರ ಹೆಸರು, ಯುದ್ಧದ ಇಸವಿ ಬಾಯಿಪಾಠ ಮಾಡೋದೇ ಆಗುತ್ತಿತ್ತು.

ಅರ್ಥಶಾಸ್ತ್ರ ಬೇರೆ ಥರ. ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತ ಬಿಟ್ಟವರಿಗೆ ಸಂಖ್ಯಾಶಾಸ್ತ್ರ ಬಂದಾಗ ನಿಜವಾಗಿ ಕಷ್ಟ. ಆದರೆ ಬೇಡಿಕೆ–ಪೂರೈಕೆಯ ರೇಖೆಯನ್ನು ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹಚ್ಚಿ ನೋಡಿದರೆ, ಬೆಲೆ ಬಿದ್ದಾಗ ರೈತರು ಬೆಂಬಲ ಬೆಲೆ ಕೇಳೋದು ಯಾಕೆ ಅಂತ ಚೆನ್ನಾಗಿ ಅರ್ಥವಾಗುತ್ತೆ. ಅಂಕಿ ಅಂಶದಲ್ಲಿ ಆಸಕ್ತಿ ಇರುವವರು ಇದನ್ನೇ ಹಿಡಿಯಲಿ.

ಇನ್ನು ರಾಜ್ಯಶಾಸ್ತ್ರ. ಮೊದಲ ವರ್ಷ ನೀರಸ ಅನ್ನಿಸಬಹುದು. ರಾಜ್ಯ ಅಂದರೇನು, ಸಾರ್ವಭೌಮತ್ವ ಅಂದರೇನು, ಹಾಬ್ಸ್ ಏನಂದ, ಲಾಕ್ ಏನಂದ, ರೂಸೋ ಏನಂದ, ಎಲ್ಲ ವ್ಯಾಖ್ಯಾನಗಳೇ. ಭಾರತದ ಸಂವಿಧಾನದ ಪತ್ರಿಕೆ ಬಂದಾಗ ಎಲ್ಲ ಬದಲಾಗುತ್ತೆ. 1989ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಿಧಾನಸಭೆಯಲ್ಲಿ ಬಹುಮತ ಸಾಬೀತು ಮಾಡಲು ಬಿಡದೆ ವಜಾ ಮಾಡಿದರು. ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ತೀರ್ಮಾನವಾಗಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಇವತ್ತು ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ಈ ತೀರ್ಪಿನ ಮಾತು ಬರುತ್ತೆ. ಬೆಳಗ್ಗೆ ಕ್ಲಾಸಿನಲ್ಲಿ ಕೇಳಿದ್ದು ಸಂಜೆ ನ್ಯೂಸ್‌ನಲ್ಲಿ ಸಿಗೋದು ಈ ವಿಷಯದಲ್ಲಿ ಮಾತ್ರ.

ಕ್ಷೇತ್ರ ಮರುವಿಂಗಡಣೆ ಪಾಠದ ದಿನ ಶಿರಾ ಕಡೆಯ ಗೆಳೆಯನೊಬ್ಬ ಎದ್ದು ನಿಂತು, 'ಸಾರ್, ನಮ್ಮದು ತುಮಕೂರು ಜಿಲ್ಲೆ, ಎಂಪಿ ಮಾತ್ರ ಚಿತ್ರದುರ್ಗದವರು ಯಾಕೆ?' ಅಂತ ಕೇಳಿದ. ಜಿಲ್ಲೆಯಲ್ಲಿ 11 ವಿಧಾನಸಭಾ ಕ್ಷೇತ್ರಗಳಿವೆ. ಅದರಲ್ಲಿ 8 ಮಾತ್ರ ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ. ಶಿರಾ, ಪಾವಗಡ ಚಿತ್ರದುರ್ಗಕ್ಕೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ. ಮೇಷ್ಟ್ರು ಬೋರ್ಡ್ ಮೇಲೆ ಜಿಲ್ಲೆಯ ನಕ್ಷೆ ಬರೆದು, ಜನಸಂಖ್ಯೆ ಸರಿದೂಗಿಸಲು ಗೆರೆ ಹೇಗೆ ಎಳೀತಾರೆ ಅಂತ ತೋರಿಸಿದರು. ಆವತ್ತು ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಪಂಚಾಯತ್ ರಾಜ್ ಪಾಠವೂ ಹಾಗೇ. 1993ರ ಕರ್ನಾಟಕದ ಕಾಯ್ದೆ, ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ, ಇವನ್ನೆಲ್ಲ ನೋಟ್ಸ್‌ನಲ್ಲಿ ಬರೆದುಕೊಂಡಿದ್ದೆ. ಆಮೇಲೆ ಗುಬ್ಬಿ ತಾಲ್ಲೂಕಿನ ಒಂದು ಗ್ರಾಮಸಭೆಗೆ ಹೋಗಿ ಕೂತೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮನೆ ಮಂಜೂರಾದವರ ಪಟ್ಟಿ ಓದುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ಅಜ್ಜಿ ಎದ್ದು, 'ಹೋದ ಸಲಾನೂ ನನ್ ಹೆಸ್ರು ಬರ್ಕೊಂಡ್ರಿ, ಎಲ್ಲೋಯ್ತು?' ಅಂದರು. ನಡಾವಳಿ ಪುಸ್ತಕ ತೆಗೆಸಿ ನೋಡೋವರೆಗೂ ಆಕೆ ಕೂರಲಿಲ್ಲ. ಇದನ್ನು ನೋಡಿದವರಿಗೆ ಗ್ರಾಮಸಭೆಯ ಅಧಿಕಾರದ ಬಗ್ಗೆ ಹತ್ತು ಅಂಕದ ಉತ್ತರ ಬರೆಯಲು ಗೈಡ್ ಬೇಕಿಲ್ಲ.

ಕೆಲಸದ ಮಾತು ಬಂದರೆ, ಕೆಎಎಸ್, ಪಿಡಿಒ ಪರೀಕ್ಷೆಗಳಿಗೆ ಡಿಗ್ರಿ ಇದ್ದರೆ ಆಯಿತು, ವಿಷಯ ಯಾವುದಾದರೂ ನಡೆಯುತ್ತೆ. ಯುಪಿಎಸ್‌ಸಿ ಮೇನ್ಸ್‌ನಲ್ಲಿ 250 ಅಂಕದ ಎರಡನೇ ಸಾಮಾನ್ಯ ಅಧ್ಯಯನ ಪತ್ರಿಕೆ ಬಹುತೇಕ ನಮ್ಮದೇ ಸಿಲಬಸ್. ಹಾಗಂತ ಬಿಎ ಒಂದರಿಂದಲೇ ನೌಕರಿ ಸಿಗಲ್ಲ. ಎಲ್‌ಎಲ್‌ಬಿ, ಬಿಎಡ್ ಅಥವಾ ಎಂಎ ಮಾಡಿ ಕೆಸೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಜ್ಯದ ಅರ್ಹತಾ ಪರೀಕ್ಷೆ) ಬರೆಯೋದು, ಹೀಗೆ ಮುಂದಿನ ಹೆಜ್ಜೆಯನ್ನು ಎರಡನೇ ವರ್ಷದಲ್ಲೇ ಯೋಚಿಸಬೇಕು. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ, ಹಾಗಾಗಿ ಸಮಯ ಜಾಸ್ತಿ ಇರಲ್ಲ.

ಕನ್ನಡದಲ್ಲಿ ಸಂವಿಧಾನದ ಬಗ್ಗೆ ಪುಸ್ತಕ ಧಾರಾಳವಾಗಿ ಸಿಗುತ್ತವೆ. ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಗೆ ಮಾತ್ರ ನನಗೆ ಸಾಲಲಿಲ್ಲ. ಲೈಬ್ರರಿಯಲ್ಲಿ ಇಂಗ್ಲಿಷ್ ಪೇಪರ್ ಓದೋದನ್ನು ಮೊದಲ ಸೆಮಿಸ್ಟರ್‌ನಿಂದಲೇ ಶುರು ಮಾಡಿ. ಸಂವಿಧಾನದ ಕನ್ನಡ ಪ್ರತಿ ಒಂದು ಸ್ವಂತಕ್ಕೆ ಇರಲಿ. ನನ್ನ ಗೈಡ್‌ನಲ್ಲಿ ಪಂಚಾಯಿತಿಗಳ ಭಾಗ ಅರ್ಧ ಪುಟಕ್ಕೆ ಮುಗಿದಿತ್ತು. ಮೂಲದಲ್ಲಿ ಅದು 243ನೇ ವಿಧಿಯಿಂದ 243-ಒ ವರೆಗೂ ಹರಡಿದೆ.